ಸಾಲ ಹೊತ್ತು ಹೊರಡಬೇಡಿ, ಕಸುಬು ಕಲಿತು ಹೊರಡಿ



ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು ನಾನು. ನನ್ನ ಕೈಯಲ್ಲಿ ಅಕ್ಷರ ಕಲಿತವರಲ್ಲಿ ಊರಲ್ಲಿ ಉಳಿದವರಿಗಿಂತ ಊರು ಬಿಟ್ಟವರೇ ಹೆಚ್ಚು. ಅವರಲ್ಲಿ ಕೆಲವರು ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಾರೆ. ಇನ್ನು ಕೆಲವರು ಅಂಥದೇ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟಿ, ಕೆಲಸ ಮುಗಿದ ಮೇಲೆ ಶೆಡ್ಡು ಕಿತ್ತುಕೊಂಡು ಮುಂದಿನ ಸೈಟಿಗೆ ನಡೆಯುತ್ತಿದ್ದಾರೆ. ಒಂದೇ ತರಗತಿಯಲ್ಲಿ ಕೂತು ಒಂದೇ ಮಗ್ಗಿ ಹೇಳಿದವರು, ಬೆಂಗಳೂರಿಗೆ ಹೋಗುವ ಅದೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದವರು ಇವರು. ಊರು ಬಿಟ್ಟದ್ದು ಎಲ್ಲರೂ. ಬಾಳು ಮಾತ್ರ ಬೇರೆಬೇರೆ ದಾರಿ ಹಿಡಿಯಿತು.

ಈಗ ನಿಮ್ಮ ಸರದಿ ಬಂದಿದೆ. ಪಿಯುಸಿ ಮುಗಿಸಿದವರು, ಡಿಗ್ರಿ ಮುಗಿಸಿದವರು, ಹತ್ತನೇ ತರಗತಿಯ ನಂತರ ಓದು ನಿಲ್ಲಿಸಿದವರು ಎಲ್ಲರೂ ಬಂದು ಕೇಳುತ್ತೀರಿ: ‘ಸರ್, ಹೋಗೋಣವೋ, ಇಲ್ಲೇ ಇರೋಣವೋ?’ ಇದಕ್ಕೆ ಎಲ್ಲರಿಗೂ ಹೊಂದುವ ಒಂದು ಉತ್ತರ ನನ್ನ ಬಳಿ ಇಲ್ಲ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ನೀವು ಕೇಳುತ್ತಿಲ್ಲ. ಹೋಗುವುದಾದರೆ ಯಾವ ಸ್ಥಿತಿಯಲ್ಲಿ ಹೋಗುತ್ತೀರಿ? ಮೇಸ್ತ್ರಿಯಿಂದ ಮುಂಗಡ ಪಡೆದು ಅದನ್ನು ತೀರಿಸಲು ಹೋಗುತ್ತೀರೋ, ಒಂದು ಕಸುಬು ಕಲಿತು ಅದಕ್ಕೆ ಬೆಲೆ ಹೇಳಲು ಹೋಗುತ್ತೀರೋ? ಒಬ್ಬ ಹುಡುಗನ, ಒಬ್ಬ ಹುಡುಗಿಯ ಬದುಕನ್ನು ಈ ಪ್ರಶ್ನೆ ತೀರ್ಮಾನಿಸುತ್ತದೆ. ಒಂದು ಜಿಲ್ಲೆಯ ಬದುಕನ್ನೂ ಇದೇ ತೀರ್ಮಾನಿಸುತ್ತದೆ. ನನ್ನ ಕಿವಿಮಾತೆಲ್ಲ ಇದರ ಸುತ್ತಲೇ ಇದೆ.

ಮೊದಲು ಬೆಂಗಳೂರು ಹೇಗೆ ಇಷ್ಟು ದೊಡ್ಡದಾಯಿತು ಎಂಬುದನ್ನು ತಿಳಿಯಿರಿ. ಅಲ್ಲಿಗೆ ಹೋಗುವವರಿಗೂ ಗೊತ್ತಿರಬೇಕು, ಅದನ್ನು ಬೈಯುವವರಿಗೂ ಗೊತ್ತಿರಬೇಕು. 1809ರಲ್ಲಿ ಬ್ರಿಟಿಷರು ಅಲ್ಲಿ ದಂಡು ಇಳಿಸಿದರು. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡು ಕಚೇರಿಗಳನ್ನು ಅಲ್ಲಿಗೆ ಒಯ್ದರು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಅದರ ಬೀದಿಗಳಿಗೆ ಬಂತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. 1940ರಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಟೆಲಿಫೋನ್ ಕಾರ್ಖಾನೆ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಒಂದರ ಹಿಂದೊಂದು ಅಲ್ಲೇ ಬಂದವು. 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಹದ ಮಾಡಿತು. 1983ರಲ್ಲಿ ಇನ್ಫೊಸಿಸ್ ಪುಣೆಯಿಂದ ಬಂತು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಮುಂದಿನದನ್ನು ನೀವೇ ಕಣ್ಣಾರೆ ಕಂಡಿದ್ದೀರಿ.

ಈ ಪಟ್ಟಿಯನ್ನು ಗಮನವಿಟ್ಟು ನೋಡಿ. ಹವೆ ತಂಪಾಗಿದೆ ಎಂಬುದೊಂದನ್ನು ಬಿಟ್ಟರೆ ಅಲ್ಲಿ ತಾನಾಗಿ ಆದದ್ದು ಕಡಿಮೆ. ಒಂದೊಂದು ಹೆಜ್ಜೆಯ ಹಿಂದೆಯೂ ಯಾರೋ ಕೂತು ಮಾಡಿದ ತೀರ್ಮಾನವಿದೆ, ಸಾರ್ವಜನಿಕರ ದುಡ್ಡಿದೆ. ಅಲ್ಲಿ ವಿಜ್ಞಾನ ಸಂಸ್ಥೆ ಏಳುತ್ತಿದ್ದಾಗ ನಮ್ಮ ರಾಯಚೂರು, ಕಲಬುರಗಿ, ಬೀದರ್ ನಿಜಾಮನ ಆಳ್ವಿಕೆಯಲ್ಲಿದ್ದವು. 1948ರ ಸೆಪ್ಟೆಂಬರ್ 17ರವರೆಗೆ ಆ ಆಳ್ವಿಕೆ ಮುಗಿಯಲಿಲ್ಲ. 1956ರಲ್ಲಿ ನಾವು ಏಕೀಕೃತ ರಾಜ್ಯಕ್ಕೆ ಸೇರುವ ಹೊತ್ತಿಗೆ ಅಲ್ಲಿ ಅರ್ಧ ಶತಮಾನದ ಬುನಾದಿ ಬಿದ್ದಾಗಿತ್ತು. ಹಿಂದುಳಿದದ್ದಕ್ಕೆ ನಮ್ಮ ಜನರ ಸೋಮಾರಿತನ ಕಾರಣವೆಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಬೇಡಿ. ಈ ಇಸವಿಗಳನ್ನು ಹೇಳಿ. ತೀರ್ಮಾನಗಳಿಂದ ಒಂದು ನಗರ ಬೆಳೆಯಬಹುದಾದರೆ ತೀರ್ಮಾನಗಳಿಂದಲೇ ಇನ್ನೊಂದು ಊರೂ ಬೆಳೆಯಬಹುದು. ಈ ಮಾತನ್ನು ಮರೆಯಬೇಡಿ, ಮುಂದೆ ಮತ್ತೆ ಇದಕ್ಕೇ ಬರುತ್ತೇನೆ.

1951ರಲ್ಲಿ ಬೆಂಗಳೂರಿನ ಜನಸಂಖ್ಯೆ ಎಂಟು ಲಕ್ಷವೂ ಇರಲಿಲ್ಲ. 2011ರ ಜನಗಣತಿಯ ಹೊತ್ತಿಗೆ ಅದು 84 ಲಕ್ಷ ದಾಟಿತ್ತು. ಅದೇ ಜನಗಣತಿಯಲ್ಲಿ ನಂತರದ ದೊಡ್ಡ ನಗರಗಳಾದ ಹುಬ್ಬಳ್ಳಿ-ಧಾರವಾಡ ಮತ್ತು ಮೈಸೂರು ಹತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂಬತ್ತು ಪಟ್ಟು ಅಂತರ. ಪಕ್ಕದ ತಮಿಳುನಾಡನ್ನು ನೋಡಿ. ಚೆನ್ನೈ ದೊಡ್ಡದು, ಸರಿ. ಆದರೆ ಅದೇ ಜನಗಣತಿಯಲ್ಲಿ ಸುತ್ತಲಿನ ಊರುಗಳನ್ನೂ ಸೇರಿಸಿದರೆ ಕೊಯಮತ್ತೂರು 21 ಲಕ್ಷದ ನಗರ, ಮಧುರೈ 14 ಲಕ್ಷ, ತಿರುಚ್ಚಿ ಹತ್ತು ಲಕ್ಷ. ಅಲ್ಲಿನ ಹಳ್ಳಿಯ ಹುಡುಗನಿಗೆ ಹೊರಡಲು ನಾಲ್ಕಾರು ದಿಕ್ಕುಗಳಿವೆ. ಪಂಪು, ಮೋಟರಿನ ಕೆಲಸಕ್ಕೆ ಕೊಯಮತ್ತೂರು, ಬನಿಯನ್ ಹೊಲಿಗೆಗೆ ತಿರುಪ್ಪೂರು. ನಮ್ಮ ರಾಜ್ಯದ ಯುವಕರಿಗೆ ಎಲ್ಲ ದಾರಿಯೂ ಬೆಂಗಳೂರಿನ ಮೆಜೆಸ್ಟಿಕ್‌ಗೇ ಹೋಗಿ ಮುಟ್ಟುತ್ತದೆ.

ಹೀಗೆ ಒಂದೇ ನಗರ ಬೆಳೆದಾಗ ಉಳಿದ ಪ್ರದೇಶಕ್ಕೆ ಏನಾಗುತ್ತದೆ? ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲೇ ಇದನ್ನು ಬಿಡಿಸಿ ಬರೆದರು. ಬೆಳೆಯುವ ಕೇಂದ್ರವು ಸುತ್ತಲಿನ ಬಂಡವಾಳವನ್ನು, ಓದಿದ ತರುಣರನ್ನು, ವ್ಯಾಪಾರವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಅದರ ಸಂಪತ್ತು ಬೇಡಿಕೆಯಾಗಿ, ಕೆಲಸವಾಗಿ, ಮನೆಗೆ ಕಳಿಸುವ ಹಣವಾಗಿ ಸ್ವಲ್ಪ ಹೊರಗೂ ಹರಡುತ್ತದೆ. ಸುಮ್ಮನೆ ಬಿಟ್ಟರೆ ಸೆಳೆತವೇ ಗೆಲ್ಲುತ್ತದೆ. ಹರಡುವಿಕೆ ಗೆಲ್ಲಬೇಕಾದರೆ ಸರ್ಕಾರ ಬಲವಾಗಿ ಕೈ ಹಾಕಬೇಕು. ಇದು ಅವರ ವಾದ.

ನಮಗೆ ಇದು ಪುಸ್ತಕದ ಮಾತೇ ಆಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆಯಿರಿ. ಕಾಲುವೆ ತುಂಬಿ ಹರಿಯುತ್ತದೆ, ಲೆಕ್ಕದಲ್ಲಿ ಎಲ್ಲರಿಗೂ ನೀರಿದೆ. ಆದರೆ ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ ಬೆಳೆದರೆ ಮಾನ್ವಿ, ಸಿರವಾರದ ಕೆಳಭಾಗದ ರೈತನ ಹೊಲಕ್ಕೆ ನೀರು ಬರುವುದಿಲ್ಲ. ಕಾಲುವೆಗೆ ಯಾರ ಮೇಲೂ ದ್ವೇಷವಿಲ್ಲ. ಗೇಟು ಯಾರ ಕೈಯಲ್ಲಿದೆ, ಯಾವಾಗ ಎಷ್ಟು ಇಳಿಸುತ್ತಾರೆ ಎಂಬುದರ ಮೇಲೆ ಕೆಳಭಾಗದ ಬೆಳೆ ನಿಂತಿದೆ. ಅಭಿವೃದ್ಧಿಯೂ ಹೀಗೆಯೇ ಹರಿಯುತ್ತದೆ. ನಾವು ಕೆಳಭಾಗದವರು, ಗೇಟಿನ ಹತ್ತಿರ ನಿಂತು ಕೇಳಬೇಕಾದವರು.

ಕೆಳಭಾಗ ಎಂದರೆ ದೂರದ ಜಿಲ್ಲೆ ಎಂದಷ್ಟೇ ತಿಳಿಯಬೇಡಿ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಹಾಕಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ನಮ್ಮ ಉತ್ತರ ಕರ್ನಾಟಕದವು. ನಮ್ಮ ದೇವದುರ್ಗ ಅದರಲ್ಲಿತ್ತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಗಳೂ ಅದೇ ಪಟ್ಟಿಯಲ್ಲಿದ್ದವು. ರಾಜಧಾನಿಗೆ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಲ್ಲಿದ್ದರೂ ಅದರ ಸಂಪತ್ತು ಅಲ್ಲಿಗೆ ಮುಟ್ಟಿರಲಿಲ್ಲ. ಅತ್ತ ಮಲೆನಾಡಿನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಿಂದ 2011ರ ನಡುವೆ ಬೆಳೆಯುವುದಿರಲಿ, ಕೊಂಚ ಇಳಿಯಿತು. ಕಾಫಿ, ಅಡಿಕೆಯ ಶ್ರೀಮಂತ ನೆಲದಲ್ಲೂ ಮಕ್ಕಳು ನಗರ ಸೇರಿ, ತೋಟದ ಮನೆಗಳಲ್ಲಿ ವಯಸ್ಸಾದವರು ಮಾತ್ರ ಉಳಿದಿದ್ದಾರೆ. ಹಳೇ ಮೈಸೂರಿನಲ್ಲಿ ವ್ಯವಸಾಯ ಮಾಡುವ ಹುಡುಗರಿಗೆ ಹೆಣ್ಣು ಸಿಗದೆ, 2023ರಲ್ಲಿ ಮಂಡ್ಯದ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದನ್ನು ನೀವು ಓದಿದ್ದೀರಿ. ಇವೆಲ್ಲ ಒಂದೇ ಸೆಳೆತದ ಬೇರೆಬೇರೆ ಗುರುತುಗಳು.

ಇನ್ನೊಂದು ಲೆಕ್ಕವೂ ನಿಮಗೆ ತಿಳಿದಿರಲಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದು. ತಲಾ ಆದಾಯದಲ್ಲಿ ಅದು ಕಲಬುರಗಿಗಿಂತ ಸುಮಾರು ಐದು ಪಟ್ಟು ಮುಂದಿದೆ. ಆದರೆ ಆ ಸಂಪತ್ತು ಅಲ್ಲಿನವರ ದುಡಿಮೆಯಿಂದ ಮಾತ್ರ ಬಂದದ್ದಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಮೇಲೆತ್ತಿ ಅಲ್ಲಿಗೆ ಒಯ್ಯುತ್ತಾರೆ. ಕೃಷ್ಣೆಯ ದಂಡೆಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಬೂದಿ ನಮ್ಮ ಜಿಲ್ಲೆಯಲ್ಲಿ ಬೀಳುತ್ತದೆ, ವಿದ್ಯುತ್ತು ರಾಜ್ಯವನ್ನೆಲ್ಲ ಬೆಳಗುತ್ತದೆ. ಅಲ್ಲಿನ ಕಟ್ಟಡಗಳ ಗೋಡೆಗಳಲ್ಲಿ ನಮ್ಮ ತಾಂಡಾ, ಹಳ್ಳಿಗಳ ಜನರ ಬೆವರಿದೆ. ಬೆಂಗಳೂರಿಗೆ ಹೋದಾಗ ಬೇರೆಯವರ ಮನೆಗೆ ಬಂದ ಹಾಗೆ ಮುದುಡಿಕೊಂಡು ಇರಬೇಡಿ. ಅದನ್ನು ಕಟ್ಟಿದವರಲ್ಲಿ ನೀವೂ ಪಾಲುದಾರರು.

ಹಾಗಾದರೆ ಊರು ಬಿಡುವುದೇ ಕೇಡೇ? ಅಲ್ಲ. ಇದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಉಡುಪಿ, ದಕ್ಷಿಣ ಕನ್ನಡದವರು ತಲೆತಲಾಂತರದಿಂದ ಮುಂಬೈಗೆ ಹೋದವರು. ಅವರೂ ಹೊಟ್ಟೆಪಾಡಿಗೇ ಹೋದವರು. ಹೋಟೆಲುಗಳಲ್ಲಿ ಲೋಟ ತೊಳೆದರು, ಟೇಬಲ್ ಒರೆಸಿದರು. ಆದರೆ ಹಗಲು ದುಡಿದ ಹುಡುಗರು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಓದಿದರು. ಕೆಲಸ ಕಲಿತವನು ತನ್ನದೇ ಹೋಟೆಲು ತೆರೆದ, ಊರಿಂದ ಇನ್ನಿಬ್ಬರನ್ನು ಕರೆಸಿಕೊಂಡ. ಅತ್ತ ಊರಿನಲ್ಲೂ ಕೆಲಸ ನಡೆದಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದವು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು ಶುರುವಾಯಿತು. ಅದರ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿ ಕಟ್ಟಿಸಿಕೊಂಡರು. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಬಂತು. ಜನ ಹೊರಗೆ ಹೋದರು, ಶಾಲೆ, ಬ್ಯಾಂಕು, ಆಸ್ಪತ್ರೆಗಳು ಊರಲ್ಲಿ ಬೆಳೆದವು.

2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88, ನಮ್ಮ ರಾಯಚೂರಿನದು ಶೇ 59, ಯಾದಗಿರಿಯದು ಶೇ 51. ವ್ಯತ್ಯಾಸ ಇಲ್ಲಿದೆ ನೋಡಿ. ಕರಾವಳಿಯಿಂದಲೂ ಜನ ಹೋದರು, ನಮ್ಮಲ್ಲಿಂದಲೂ ಹೋದರು. ಅವರ ಕೈಯಲ್ಲಿ ಅಕ್ಷರವಿತ್ತು, ಹೋದಲ್ಲಿ ನೆರವಾಗಲು ತಮ್ಮವರಿದ್ದರು, ಗಳಿಸಿದ್ದನ್ನು ಇಡಲು ಊರಲ್ಲೊಂದು ಸಂಸ್ಥೆಯಿತ್ತು. ನಮ್ಮಲ್ಲಿ ಸುಗ್ಗಿ ಮುಗಿದೊಡನೆ ಮುಂಗಡ ಪಡೆದು, ಗಂಡ ಹೆಂಡತಿ ಮಕ್ಕಳ ಸಮೇತ ಗುಳೆ ಹೊರಟು, ಮುಂಗಾರಿಗೆ ಮುಂಚೆ ಸಾಲ ತೀರಿಸಿ, ಬಂದ ಮೇಲೆ ಮತ್ತೆ ಸಾಲ ಮಾಡುವ ಸುತ್ತಾಟವೇ ಬಹಳ ಮನೆಗಳಲ್ಲಿ ನಡೆದುಬಂತು. ಈ ಸುತ್ತಿನಲ್ಲಿ ಮಗುವಿನ ಶಾಲೆ ತಪ್ಪಿತು. ಶಾಲೆ ತಪ್ಪಿದ ಮಗು ದೊಡ್ಡದಾಗಿ ಅದೇ ಸುತ್ತಿಗೆ ಸೇರಿತು. ಹಾಜರಿ ಪುಸ್ತಕದಲ್ಲಿ ಡಿಸೆಂಬರ್ ಕಳೆದ ಮೇಲೆ ಖಾಲಿ ಬೀಳುತ್ತಿದ್ದ ಸಾಲುಗಳನ್ನು ನೋಡುತ್ತಲೇ ನನ್ನ ನೌಕರಿ ಮುಗಿಯಿತು. ಆ ಸುತ್ತನ್ನು ಕಡಿಯುವುದು ನಿಮ್ಮ ಪೀಳಿಗೆಯ ಕೆಲಸ.

ಹಾಗಾಗಿ ಹೊರಡುವವರಿಗೆ ನನ್ನ ಮಾತುಗಳಿವು.

ಮೊದಲನೆಯದು, ಮುಂಗಡ ತೆಗೆದುಕೊಳ್ಳಬೇಡಿ. ಮುಂಗಡ ಪಡೆದವನಿಗೆ ಕೂಲಿಯ ದರ ಹೇಳುವ ಬಾಯಿ ಇರುವುದಿಲ್ಲ, ಕೆಲಸ ಬಿಡುವ ಕಾಲೂ ಇರುವುದಿಲ್ಲ. ಮನೆಯಲ್ಲಿ ಮದುವೆಗೋ ಆಸ್ಪತ್ರೆಗೋ ಹಣ ಬೇಕೇಬೇಕೆಂದಾದರೆ ಸ್ವಸಹಾಯ ಸಂಘದಲ್ಲಿ ಕೇಳಿ, ಸೊಸೈಟಿಯಲ್ಲಿ ಕೇಳಿ. ಬಡ್ಡಿ ಕಟ್ಟುವುದು ಕಷ್ಟವೇ, ನಿಜ. ಆದರೆ ಅಲ್ಲಿ ಪಡೆದ ಸಾಲಕ್ಕೆ ಮಾತ್ರ ಬಡ್ಡಿ ಬೀಳುತ್ತದೆ. ಮೇಸ್ತ್ರಿಯ ಮುಂಗಡಕ್ಕೆ ಇಡೀ ಮನೆಯ ದುಡಿಮೆಯೇ ಒತ್ತೆ ಬೀಳುತ್ತದೆ.

ಎರಡನೆಯದು, ಲೆಕ್ಕ ಮಾಡಿ ಹೋಗಿ. ಜನ ದಿನಗೂಲಿಯನ್ನು ಮಾತ್ರ ಹೋಲಿಸುತ್ತಾರೆ. ಊರಲ್ಲಿ ದಿನಕ್ಕೆ 400 ರೂಪಾಯಿ, ಅಲ್ಲಿ 800 ಎಂದಿಟ್ಟುಕೊಳ್ಳಿ. ಊರಲ್ಲಿ ತಿಂಗಳಿಗೆ 24 ದಿನ ಕೆಲಸ ಸಿಕ್ಕರೆ 9,600 ಆಯಿತು. ಅಲ್ಲಿ 18 ದಿನ ಸಿಕ್ಕರೆ 14,400. ಇಮ್ಮಡಿ ಕಂಡದ್ದು ಒಂದೂವರೆಗೆ ಇಳಿಯಿತು. ಆ ಹೆಚ್ಚುವರಿ 4,800ರಲ್ಲಿ ಮನೆ ಬಾಡಿಗೆ, ಬಸ್ಸು, ಕೊಂಡು ತಿನ್ನುವ ಊಟ, ಕೆಲಸವಿಲ್ಲದ ವಾರದ ಖರ್ಚು ಕಳೆಯಿರಿ. ಉಳಿದರೆ ಹೋಗಿ. ಹ್ಯಾರಿಸ್, ಟೊಡಾರೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1970ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು. ನಗರದ ಕೂಲಿ ಎಷ್ಟು ಎಂಬುದರ ಜತೆಗೆ ಅದು ಸಿಗುವ ಸಂಭವ ಎಷ್ಟು ಎಂಬುದನ್ನೂ ಗುಣಿಸಬೇಕು ಎಂಬುದು ಅದರ ಸಾರ. ನಿಮಗಿಂತ ಮುಂಚೆ ಹೋದ ಊರಿನವರನ್ನು ‘ದಿನಕ್ಕೆ ಎಷ್ಟು?’ ಎಂದು ಕೇಳಿ ಬಿಡಬೇಡಿ. ‘ಕಳೆದ ವರ್ಷ ಒಟ್ಟು ಎಷ್ಟು ದಿನ ಕೆಲಸ ಸಿಕ್ಕಿತು, ಎಷ್ಟು ದುಡ್ಡು ಮನೆಗೆ ಬಂತು?’ ಎಂದು ಕೇಳಿ.

ಮೂರನೆಯದು, ಕೈಯಲ್ಲೊಂದು ಕಸುಬು ಇರಲಿ. ಒಂದೇ ಸೈಟಿನಲ್ಲಿ ಹೆಲ್ಪರ್‌ಗೆ ಒಂದು ಕೂಲಿ, ಬಾರ್ ಬೆಂಡಿಂಗ್ ಬಲ್ಲವನಿಗೆ ಇನ್ನೊಂದು, ವೈರಿಂಗ್ ಬಲ್ಲವನಿಗೆ ಮತ್ತೊಂದು. ತಾಲ್ಲೂಕಿನ ಐಟಿಐ ನಿಮಗೆ ಹತ್ತಿರದಲ್ಲಿದೆ. ಕಲಬುರಗಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಒಂದೆರಡು ವರ್ಷ ತಡವಾಗಿ ಹೋದರೆ ಏನೂ ಕಳೆದುಕೊಳ್ಳುವುದಿಲ್ಲ. ಬರಿಗೈಯಲ್ಲಿ ಬೇಗ ಹೋದವನು ಮೂವತ್ತು ದಾಟಿದ ಮೇಲೂ ಹೆಲ್ಪರ್ ಆಗಿಯೇ ಇರುವುದನ್ನು ನಾನು ಬಹಳ ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗಾರೆ ಕೆಲಸದಲ್ಲಿ ಪುಟ್ಟಿ ಹೊರುವ ಹೆಣ್ಣಿಗೆ ಮೇಸ್ತ್ರಿಯಾಗುವ ದಾರಿಯೇ ಇಲ್ಲದ ಹಾಗೆ ಮಾಡಿಟ್ಟಿದ್ದಾರೆ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಅಕೌಂಟ್ಸ್, ಹೊಲಿಗೆ ಯಾವುದನ್ನಾದರೂ ಪೂರ್ತಿ ಕಲಿತು ಹೊರಡಿ.

ನಾಲ್ಕನೆಯದು, ಕಾಗದಪತ್ರ. ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಿ ಮಾಡಿ ಇಟ್ಟ ಹಣ ಅದು. ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ, ಮುಪ್ಪಿನ ಪಿಂಚಣಿಗೆ ನಿಮ್ಮ ಹೆಸರಿನಲ್ಲೇ ಇದೆ. ಕಾರ್ಖಾನೆಯಲ್ಲಿದ್ದರೆ ಪಿಎಫ್ ನಂಬರು, ಇಎಸ್‌ಐ ಕಾರ್ಡು ಕೇಳಿ ಪಡೆಯಿರಿ. 2016ರ ಏಪ್ರಿಲಿನಲ್ಲಿ ಪಿಎಫ್ ಹಣ ಹಿಂದೆ ಪಡೆಯಲು ಕೇಂದ್ರ ಸರ್ಕಾರ ನಿರ್ಬಂಧ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು, ನಿಯಮ ವಾಪಸಾಯಿತು. ಅವರಲ್ಲಿ ಬಹುಪಾಲು ಜನ ನಿಮ್ಮ ಹಾಗೆ ಹಳ್ಳಿಗಳಿಂದ ಹೋದವರು. ತಮ್ಮದು ಯಾವುದು ಎಂದು ತಿಳಿದವರು ಅದನ್ನು ಉಳಿಸಿಕೊಂಡರು. ಡೆಲಿವರಿ ಕೆಲಸ ಮಾಡುವವರಿಗೂ ಈಗ 2025ರ ಗಿಗ್ ಕಾರ್ಮಿಕರ ಕಾಯ್ದೆ ಇದೆ, ಓದಿಕೊಳ್ಳಿ. ಪಡಿತರ ಚೀಟಿಯನ್ನು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬಳಸಬಹುದು.

ಐದನೆಯದು, ಮಗುವಿನ ಶಾಲೆ ತಪ್ಪಿಸಬೇಡಿ. ಅಜ್ಜ ಅಜ್ಜಿಯ ಬಳಿ ಬಿಡಲು ಸಾಧ್ಯವಾದರೆ ಬಿಡಿ. ಗುಳೆ ಹೋಗುವವರ ಮಕ್ಕಳಿಗೆಂದೇ ಶಿಕ್ಷಣ ಇಲಾಖೆ ನಡೆಸುವ ಋತುಮಾನ ಶಾಲೆಗಳ ಬಗ್ಗೆ ಹೆಡ್‌ಮಾಸ್ತರರನ್ನು ಕೇಳಿ. ಜತೆಗೇ ಕರೆದೊಯ್ದರೆ ಅಲ್ಲಿಗೆ ಮುಟ್ಟಿದ ವಾರದಲ್ಲೇ ಹತ್ತಿರದ ಸರ್ಕಾರಿ ಶಾಲೆಗೆ, ಅಂಗನವಾಡಿಗೆ ಹೋಗಿ ಕೇಳಿ. ಯಾವ ಊರಿನ ಮಗುವಾದರೂ ಸೇರಿಸಿಕೊಳ್ಳುವುದು ಅವರ ಕರ್ತವ್ಯ.

ಆರನೆಯದು, ಬೆಂಗಳೂರೊಂದೇ ನಗರವಲ್ಲ. 1885ರಲ್ಲೇ ರಾವೆನ್‌ಸ್ಟೀನ್ ಎಂಬ ಭೂಗೋಳಜ್ಞ ಬ್ರಿಟನ್ನಿನ ಜನಗಣತಿ ನೋಡಿ, ವಲಸೆ ಹೋಗುವವರಲ್ಲಿ ಹೆಚ್ಚಿನವರು ಹತ್ತಿರದ ಊರಿಗೇ ಹೋಗುತ್ತಾರೆ ಎಂದು ಬರೆದಿದ್ದ. ನಮ್ಮ ದೇಶದ 2011ರ ಲೆಕ್ಕವೂ ಅದನ್ನೇ ಹೇಳುತ್ತದೆ. ಹುಟ್ಟಿದ ಅಥವಾ ಹಿಂದೆ ಇದ್ದ ಊರು ಬಿಟ್ಟ 45 ಕೋಟಿಗೂ ಹೆಚ್ಚು ಜನರಲ್ಲಿ ಬಹುಪಾಲು ಸ್ವಂತ ಜಿಲ್ಲೆಯೊಳಗೇ ಇದ್ದರು. ಸಿಂಧನೂರು, ಬಳ್ಳಾರಿ, ಕಲಬುರಗಿ, ಹುಬ್ಬಳ್ಳಿಗಳಲ್ಲಿ ನಿಮ್ಮ ಕಸುಬಿಗೆ ಜಾಗವಿದೆಯೇ ಎಂದು ಮೊದಲು ನೋಡಿ. ಕೂಲಿ ಸ್ವಲ್ಪ ಕಡಿಮೆ ಇದ್ದರೂ ಅಮ್ಮನಿಗೆ ಜ್ವರ ಬಂದ ರಾತ್ರಿಯೇ ಮನೆ ಮುಟ್ಟುತ್ತೀರಿ. ನಿಮ್ಮ ಒಬ್ಬೊಬ್ಬರ ಅಂಗಡಿ, ವರ್ಕ್‌ಶಾಪು, ಕ್ಲಿನಿಕ್ಕಿನಿಂದ ಆ ಊರು ಎರಡನೆಯ, ಮೂರನೆಯ ನಗರವಾಗಿ ಬೆಳೆಯುತ್ತದೆ. ರಾಜ್ಯಕ್ಕೆ ಬೇಕಾದದ್ದು ಅದೇ.

ಇನ್ನು ಊರಲ್ಲೇ ಉಳಿಯುವವರಿಗೆ. ಉಳಿದವನು ಸೋತವನು ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಗೇಟಿನ ಹತ್ತಿರ ನಿಂತು ಕೇಳುವ ಕೆಲಸ ಮುಖ್ಯವಾಗಿ ನಿಮ್ಮದು. ಕೇಳಿದರೆ ಸಿಗುತ್ತದೆಯೇ ಎನ್ನುತ್ತೀರಾ? ಹೈಕೋರ್ಟಿನ ಕೆಲಸಕ್ಕೆ ಬೀದರಿನ ರೈತ ಬೆಂಗಳೂರಿಗೆ ಓಡಬೇಕಾಗಿದ್ದ ಕಾಲವಿತ್ತು. ವಕೀಲರು, ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು. ಸಂವಿಧಾನದ 371(ಜೆ) ವಿಧಿಯೂ ದಶಕಗಳ ಹೋರಾಟದಿಂದಲೇ ಬಂದದ್ದು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಿನ ಕಾಲೇಜುಗಳಲ್ಲಿ ಶೇ 8 ಸೀಟು ನಮ್ಮ ಮಕ್ಕಳಿಗೆ ಸಿಗುತ್ತಿರುವುದು ಅದರಿಂದ. ನಂಜುಂಡಪ್ಪ ವರದಿ ರಾಯಚೂರಿಗೆ ಹೇಳಿದ್ದ ಐಐಟಿ ಧಾರವಾಡಕ್ಕೆ ಹೋಯಿತು. ಆಮೇಲೆ ನಮಗೆ ಟ್ರಿಪಲ್ ಐಟಿ ಬಂತು. ಏಮ್ಸ್ ಬೇಕೆಂದು ರಾಯಚೂರಿನವರು 2022ರಲ್ಲಿ ಹೂಡಿದ ಧರಣಿ ಸಾವಿರ ದಿನ ದಾಟಿತು. ಕೆಲವು ಸಿಕ್ಕವು, ಕೆಲವು ತಪ್ಪಿದವು. ಕೇಳದೆ ಸಿಕ್ಕದ್ದು ಯಾವುದೂ ಇಲ್ಲ.

ದೊಡ್ಡ ಬೇಡಿಕೆಗಳ ಜತೆಗೆ ಚಿಕ್ಕ ಗೇಟುಗಳೂ ಇವೆ. ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾಯ್ದೆಯ ಮೂಲಕ ಜಿಲ್ಲೆಗೆ, ಮಂಡಲಕ್ಕೆ ಅಧಿಕಾರ ತಂದರು. ದೇಶದ ಪಂಚಾಯಿತಿಗಳಿಗೆ ಬಲ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಮುಂಚೆಯೇ ಕರ್ನಾಟಕ ಅದನ್ನು ಮಾಡಿ ತೋರಿಸಿತ್ತು. ಇಂದು ಗ್ರಾಮಸಭೆ ನಡೆಯುವ ದಿನ ನಿಮ್ಮ ಊರಿನ ಓದಿದ ಹುಡುಗರು ಎಲ್ಲಿರುತ್ತಾರೆ? ಹೋಗಿ ಕೂತುಕೊಳ್ಳಿ. ಉದ್ಯೋಗದ ದಿನಗಳ ಲೆಕ್ಕ ಕೇಳಿ, ಶಾಲೆಯ ಖಾಲಿ ಹುದ್ದೆಗಳನ್ನು ಬರೆಸಿ. ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ತೊಗರಿಯನ್ನು ಮೂಟೆಯಲ್ಲಿ ಮಾರುವ ಬದಲು ಬೇಳೆ ಮಾಡಿ, ಪೊಟ್ಟಣ ಕಟ್ಟಿ, ಹೆಸರಿಟ್ಟು ಮಾರುವ ಸಂಘ ನಿಮ್ಮ ಹೋಬಳಿಯಲ್ಲಿ ಹುಟ್ಟಲಿ. ಯಾದಗಿರಿಯ ಕಡೇಚೂರು-ಬಾಡಿಯಾಳದ ಹಾಗೆ ಕೈಗಾರಿಕೆಗೆಂದು ಜಮೀನು ಹೋದ ಕಡೆಗಳಲ್ಲಿ, ಬರುವ ಕಾರ್ಖಾನೆಗೆ ಬೇಕಾದ ಕೆಲಸವನ್ನು ಸ್ಥಳೀಯ ಹುಡುಗರಿಗೆ ಕಲಿಸುವ ವ್ಯವಸ್ಥೆಯನ್ನೂ ಕೇಳಿ. ನೀರು, ಗಾಳಿ ಕೆಡದಂತೆ ಕಾವಲಿರುವುದೂ ನಿಮ್ಮ ಕೆಲಸವೇ.

ಕೊನೆಯದಾಗಿ, ನಗರದಲ್ಲಿ ನೆಲೆ ಕಂಡು ಚೆನ್ನಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಎರಡು ಮಾತು. 2020ರ ಲಾಕ್‌ಡೌನಿನಲ್ಲಿ ನಿಮ್ಮ ಅಪಾರ್ಟ್‌ಮೆಂಟು ಕಟ್ಟಿದ ಜನ ಬಸ್ಸಿಗಾಗಿ ಕಾದು ನಿಂತರು, ನೂರಾರು ಕಿಲೋಮೀಟರ್ ನಡೆದರು. ಊರಿಗೆ ಹೋಗುವವರ ರೈಲುಗಳನ್ನೇ ರಾಜ್ಯ ಸರ್ಕಾರ ಮೊದಲು ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ದುಡಿಯುವ ಕೈ ಬೇಕು, ದುಡಿಯುವವರ ಹೊಣೆ ಬೇಡ ಎಂಬ ಮನಸ್ಸು ಅಲ್ಲಿ ಬಯಲಾಯಿತು. ನಿಮ್ಮ ಓಣಿಯ ಶೆಡ್ಡಿನಲ್ಲಿರುವವರು ನಿಮ್ಮ ತಾಲ್ಲೂಕಿನವರೇ ಇರಬಹುದು. ಮಾತಾಡಿಸಿ, ಕಾರ್ಮಿಕ ಕಾರ್ಡು ಮಾಡಿಸಲು ಒಂದು ಭಾನುವಾರ ಕೊಡಿ, ಅವರ ಮಗುವಿನ ಶಾಲೆ ವಿಚಾರಿಸಿ.

ಇನ್ನೊಂದು, ರಾಜ್ಯವೆಲ್ಲ ಬೆಂಗಳೂರಿಗೆ ಬಂದರೆ ಬೆಂಗಳೂರಿಗೂ ಕ್ಷೇಮವಿಲ್ಲ. 2024ರ ಬೇಸಿಗೆಯಲ್ಲಿ ಅಲ್ಲಿನ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು, ಟ್ಯಾಂಕರಿಗೆ ಸರತಿ ನಿಂತಿರಿ. ಅದೇ ವರ್ಷ ಕಾವೇರಿ ಐದನೇ ಹಂತ ಬಂತು, ನಾಳೆ ಆರನೆಯದಕ್ಕೆ ಬೇಡಿಕೆ ಬರುತ್ತದೆ. ಬೆಂಗಳೂರಿನಾಚೆಗೂ ಉದ್ಯಮ ಒಯ್ಯುತ್ತೇವೆ ಎಂದು ಸರ್ಕಾರ ಹೇಳುತ್ತಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳತ್ತ ಒಂದಿಷ್ಟು ಹೋಗಿದೆ. ಅದು ರಾಯಚೂರು, ಯಾದಗಿರಿಯವರೆಗೆ ಮುಟ್ಟಬೇಕೆಂದು ಕಂಪನಿಯ ಸಭೆಯಲ್ಲಿ ಹೇಳುವ ಸ್ಥಾನದಲ್ಲಿ ಈಗ ನೀವಿದ್ದೀರಿ. ಹೊಸ ಕಚೇರಿ ಎಲ್ಲಿ ತೆರೆಯಬೇಕು ಎಂಬ ಚರ್ಚೆ ಬಂದಾಗ ನಿಮ್ಮ ಜಿಲ್ಲೆಯ ಹೆಸರು ಹೇಳಿ. ದುಡ್ಡು ಕಳಿಸುವುದು ಒಳ್ಳೆಯದು. ಅದರಲ್ಲಿ ಒಂದು ಪಾಲು ನೀವು ಓದಿದ ಶಾಲೆಗೆ, ತಂಗಿಯ ಓದಿಗೆ ಹೋಗಲಿ. ಊರಲ್ಲಿ ಬೀಗ ಹಾಕಿದ ಎರಡಂತಸ್ತಿನ ಮನೆ ಕಟ್ಟಿಸುವುದಕ್ಕಿಂತ ಅದರಿಂದ ಹೆಚ್ಚು ಬೆಳೆ ಬರುತ್ತದೆ.

ಮಕ್ಕಳೇ, ಹೋಗುವ ಹಕ್ಕು ನಿಮ್ಮದು, ಉಳಿಯುವ ಹಕ್ಕೂ ನಿಮ್ಮದು. ಬೇರೆ ದಾರಿಯಿಲ್ಲದೆ ಹೋಗಬೇಕಾದ ಸ್ಥಿತಿಯನ್ನು ಮಾತ್ರ ಹಣೆಬರಹವೆಂದು ಒಪ್ಪಿಕೊಳ್ಳಬೇಡಿ. ನಮ್ಮ ಜಿಲ್ಲೆ ಮುಂದೆ ಬಂತೋ ಇಲ್ಲವೋ ಎಂಬುದನ್ನು ಎಷ್ಟು ಜನ ಊರು ಬಿಟ್ಟರು ಎಂದು ಎಣಿಸಿ ಅಳೆಯಲಾಗದು. ಬಿಟ್ಟವರು ಸಾಲ ಹೊತ್ತು ಹೋದರೋ, ಕಸುಬು ಹೊತ್ತು ಹೋದರೋ ಎಂದು ನೋಡಿ ಅಳೆಯಬೇಕು. ಈ ವಾರವೇ ಮೂರು ಕೆಲಸ ಮಾಡಿ. ಐಟಿಐ ಅರ್ಜಿಯ ಕೊನೆಯ ದಿನ ಯಾವಾಗ ಎಂದು ವಿಚಾರಿಸಿ. ಮನೆಯಲ್ಲಿ ಮೇಸ್ತ್ರಿಯ ಮುಂಗಡದ ಮಾತು ಬಂದಿದ್ದರೆ ಅಪ್ಪ ಅಮ್ಮನ ಜತೆ ಕೂತು ಮೇಲಿನ ಲೆಕ್ಕ ಹಾಕಿ. ಮುಂದಿನ ಗ್ರಾಮಸಭೆಯ ದಿನಾಂಕ ಪಂಚಾಯಿತಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅರ್ಜಿ ತುಂಬಲು, ಲೆಕ್ಕ ಹಾಕಲು, ಸಭೆಯಲ್ಲಿ ಜತೆಗೆ ಕೂರಲು ನಾನು ಬರುತ್ತೇನೆ, ಕರೆಯಿರಿ.